ಆಧಾರ ಯಾವುದು ಎಂದು ಮೊದಲು ಕೇಳಿ: ಲಾಗರಿದಮ್ ಸಮೀಕರಣ ಬಿಡಿಸುವ ಬಗೆ

2022ರ ಜೂನ್ 25ರಂದು ಕೊಡಗಿನ ಕರಿಕೆ ಕಡೆ ಭೂಮಿ ಕಂಪಿಸಿದಾಗ ದಾಖಲಾದ ತೀವ್ರತೆ 2.3. ಮೂರು ದಿನ ಕಳೆದು, ಜೂನ್ 28ರ ಬೆಳಿಗ್ಗೆ ಚೆಂಬು ಗ್ರಾಮದ ಹತ್ತಿರ ಮತ್ತೆ ಕಂಪಿಸಿತು, ಆಗ 3.0. ಎರಡು ಅಂಕಿಗಳನ್ನೂ ಪತ್ರಿಕೆಯಲ್ಲಿ ಓದಿದವರಿಗೆ ‘ಎರಡೂ ಹೆಚ್ಚುಕಡಿಮೆ ಒಂದೇ’ ಅನ್ನಿಸುವುದು ಸಹಜ. ನಡುವಿನ ಅಂತರ ಬರೀ 0.7. ಆದರೆ ಒಂದೇ ದೂರದಲ್ಲಿಟ್ಟ ಉಪಕರಣದಲ್ಲಿ ಅಳೆದರೆ ಎರಡನೆಯ ಕಂಪನದ ಅಲೆ ಮೊದಲನೆಯದರ ಸುಮಾರು ಐದು ಪಟ್ಟು ಎತ್ತರ. ಹೊರಬಿದ್ದ ಶಕ್ತಿಯ ಲೆಕ್ಕ ಹಿಡಿದರೆ ಸುಮಾರು ಹನ್ನೊಂದು ಪಟ್ಟು.

ಅಂತರ ಒಂದೇ 0.7. ಒಂದು ಕಡೆ ಅದು ಐದು ಪಟ್ಟಾಗುತ್ತದೆ, ಇನ್ನೊಂದು ಕಡೆ ಹನ್ನೊಂದು ಪಟ್ಟು. ಇದು ಹೇಗೆ ಎಂದು ತಿಳಿದವರಿಗೆ ಲಾಗರಿದಮ್ಮಿನ ಮುಖ್ಯ ಸಂಗತಿ ಕೈಗೆ ಸಿಕ್ಕಿದ ಹಾಗೆ. ಯಾಕೆಂದರೆ ಈ ಎರಡು ಲೆಕ್ಕಗಳ ಆಧಾರ ಬೇರೆ ಬೇರೆ.

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಪಿಯು ಮಕ್ಕಳನ್ನು ಗಮನಿಸಿದರೆ ಅವರ ಕಷ್ಟ ಎಲ್ಲಿದೆ ಎಂದು ಗೊತ್ತಾಗುತ್ತದೆ. ಬೆಳಿಗ್ಗೆ ರಸಾಯನಶಾಸ್ತ್ರದ ಪೀರಿಯಡ್‌ನಲ್ಲಿ ಲಾಗ್ 10 ಅಂದರೆ 1. ಮಧ್ಯಾಹ್ನ ಗಣಿತದ ಪೀರಿಯಡ್‌ನಲ್ಲಿ ಕಲನಶಾಸ್ತ್ರ ನಡೆಯುವಾಗ ಅದೇ ಲಾಗ್ 10 ಅಂದರೆ 2.3026. ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ ಮೂರನೆಯದೂ ಒಂದಿದೆ, ಅಲ್ಲಿ ಲಾಗ್ 10 ಸುಮಾರು 3.32. ಮೂರೂ ಸರಿ: ಆಧಾರ ಮೊದಲನೆಯದರಲ್ಲಿ 10, ಎರಡನೆಯದರಲ್ಲಿ ‘ಇ’ ಎಂಬ ಸಂಖ್ಯೆ (ಸುಮಾರು 2.718), ಮೂರನೆಯದರಲ್ಲಿ 2. ಬರೆಯುವಾಗ ಆಧಾರವನ್ನು ಬಿಟ್ಟು ಬರೆಯುವುದು ಆಯಾ ವಿಷಯದವರಿಗೆ ರೂಢಿ. ಆ ರೂಢಿಯನ್ನು ಮಕ್ಕಳಿಗೆ ಬಿಡಿಸಿ ಹೇಳದೇ ಇರುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ಸೂತ್ರಗಳಿಗಿಂತ ಮೊದಲು ಆಧಾರದ ವಿಚಾರ.

ಲಾಗ್ ಎಂಬುದು ಒಂದು ಪ್ರಶ್ನೆ. ಲಾಗ್₂ 32 ಎಂದು ಬರೆದರೆ ಕೇಳುತ್ತಿರುವುದು ಇಷ್ಟೇ: 32 ಬರಬೇಕಾದರೆ ಎಷ್ಟು 2ಗಳನ್ನು ಒಂದಕ್ಕೊಂದು ಗುಣಿಸಬೇಕು? ಐದು. ಆದ್ದರಿಂದ ಲಾಗ್₂ 32 = 5. ಕೆಳಗೆ ಸಣ್ಣದಾಗಿ ಬರೆದ 2 ಆಧಾರ. ಬಂದ ಉತ್ತರ 5 ಘಾತಾಂಕ. 2⁵ = 32 ಎಂದರೂ ಲಾಗ್₂ 32 = 5 ಎಂದರೂ ಸಂಗತಿ ಒಂದೇ, ಹೇಳುವ ದಿಕ್ಕು ಮಾತ್ರ ಬೇರೆ.

ಇದೇ ಪ್ರಶ್ನೆಯನ್ನು ನಮ್ಮವರು ಬಹಳ ಹಿಂದೆಯೇ ಕೇಳಿದ್ದರು. ಒಂಬತ್ತನೇ ಶತಮಾನದ ಜೈನ ಆಚಾರ್ಯ ವೀರಸೇನ ‘ಧವಲಾ’ ಟೀಕೆಯಲ್ಲಿ ‘ಅರ್ಧಚ್ಛೇದ’ ಎಂಬ ಲೆಕ್ಕವನ್ನು ಬಳಸುತ್ತಾನೆ: ಒಂದು ಸಂಖ್ಯೆಯನ್ನು ಒಂದಕ್ಕೆ ಇಳಿಯುವವರೆಗೆ ಎಷ್ಟು ಸಲ ಅರ್ಧ ಮಾಡಬಹುದು? 32 ಅರ್ಧವಾಗಿ 16, ಮತ್ತೆ 8, 4, 2, 1. ಐದು ಸಲ. ಎರಡರ ಬದಲು ಮೂರು ಮತ್ತು ನಾಲ್ಕರಿಂದ ಭಾಗಿಸುವ ಲೆಕ್ಕಗಳಿಗೂ ಅಲ್ಲಿ ಬೇರೆ ಹೆಸರುಗಳಿವೆ, ಅಂದರೆ ಬೇರೆ ಆಧಾರಗಳ ಯೋಚನೆಯೂ ಇತ್ತು. ಎರಡು ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ಅರ್ಧಚ್ಛೇದಗಳು ಕೂಡಿಕೊಳ್ಳುತ್ತವೆ ಎಂಬ ನಿಯಮವೂ ಆ ಗ್ರಂಥದಲ್ಲಿದೆ. ಧವಲಾದ ಹಳೆಯ ತಾಳೆಗರಿಗಳು ಉಳಿದುಬಂದದ್ದು ನಮ್ಮ ಮೂಡುಬಿದಿರೆಯಲ್ಲಿ, ಕನ್ನಡ ಲಿಪಿಯಲ್ಲಿ. ಸಂಪಾಜೆ ಘಾಟಿ ಇಳಿದು ಮಂಗಳೂರಿನ ಕಡೆ ಹೋಗುವ ಕೊಡಗಿನ ಮಕ್ಕಳಿಗೆ ಅದು ದೂರದ ಊರೇನೂ ಅಲ್ಲ. ಲಾಗರಿದಮ್ ಪಾಠವನ್ನು ಇಲ್ಲಿಂದ ಶುರುಮಾಡಿದರೆ ಮಕ್ಕಳ ಮುಖದಲ್ಲಿ ಭಯ ಕಡಿಮೆ ಇರುತ್ತದೆ. ಅರ್ಧ ಮಾಡುವುದು ಯಾರಿಗೆ ಬರುವುದಿಲ್ಲ?

ಈಗ ಇದೇ 32ಕ್ಕೆ 4ನ್ನು ಆಧಾರ ಮಾಡಿ ನೋಡೋಣ. ಲಾಗ್₄ 32 ಎಷ್ಟು? ನಾಲ್ಕರಿಂದ ಭಾಗಿಸುತ್ತಾ ಹೋದರೆ 32, 8, 2. ಎರಡು ಸಲ ಆಯಿತು, ಕೈಯಲ್ಲಿ ಇನ್ನೂ 2 ಉಳಿದಿದೆ. ಮತ್ತೊಮ್ಮೆ ನಾಲ್ಕರಿಂದ ಭಾಗಿಸಿದರೆ ಒಂದಕ್ಕಿಂತ ಕೆಳಗೆ ಹೋಗುತ್ತದೆ. ಆದರೆ 2 ಎಂಬುದು 4ರ ವರ್ಗಮೂಲ, ಅಂದರೆ ನಾಲ್ಕರ ಅರ್ಧ ಹೆಜ್ಜೆ. ಹಾಗಾಗಿ ಲಾಗ್₄ 32 = 2.5. ಇಲ್ಲಿ ಸ್ವಲ್ಪ ನಿಂತು ನೋಡಬೇಕು: ಆಧಾರ 2 ಇದ್ದಾಗ 5, ಆಧಾರ 4 ಇದ್ದಾಗ 2.5. ಸರಿಯಾಗಿ ಅರ್ಧ. ಬೇರೆ ಯಾವ ಸಂಖ್ಯೆ ತೆಗೆದುಕೊಂಡರೂ ಹೀಗೇ ಆಗುತ್ತದೆ. ಲಾಗ್₂ 64 = 6, ಲಾಗ್₄ 64 = 3. ಲಾಗ್₂ 8 = 3, ಲಾಗ್₄ 8 = 1.5.

ನಮ್ಮ ಕಡೆ ತೋಟದ ವಿಸ್ತೀರ್ಣವನ್ನು ಎಕರೆಯಲ್ಲೂ ಹೇಳುತ್ತೇವೆ, ಸರ್ಕಾರಿ ಕಾಗದದಲ್ಲಿ ಹೆಕ್ಟೇರಿನಲ್ಲೂ ಬರೆಯುತ್ತಾರೆ. ತೋಟ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಎಕರೆಯ ಅಂಕಿಯನ್ನು 2.47ರಿಂದ ಭಾಗಿಸಿದರೆ ಹೆಕ್ಟೇರ್ ಸಿಗುತ್ತದೆ, ಯಾರ ತೋಟವಾದರೂ ಆ 2.47 ಬದಲಾಗುವುದಿಲ್ಲ. ಲಾಗರಿದಮ್ಮಿನ ಆಧಾರ ಬದಲಿಸುವುದೂ ಇಷ್ಟೇ. ಆಧಾರ 2ರಿಂದ 4ಕ್ಕೆ ಹೋಗಬೇಕಾದರೆ 2ರಿಂದ ಭಾಗಿಸಿ. ಆಧಾರ 2ರಿಂದ 10ಕ್ಕೆ ಹೋಗಬೇಕಾದರೆ 3.3219ರಿಂದ ಭಾಗಿಸಿ. ಭಾಗಿಸುವ ಆ ಸಂಖ್ಯೆ ಎಲ್ಲಿಂದ ಬಂತು ಎಂದರೆ, ಅದು ಹೊಸ ಆಧಾರವನ್ನು ಹಳೆಯ ಆಧಾರದಲ್ಲಿ ಅಳೆದ ಅಳತೆ: ಲಾಗ್₂ 4 = 2, ಲಾಗ್₂ 10 = 3.3219. ಪುಸ್ತಕದಲ್ಲಿ ‘ಆಧಾರ ಬದಲಾವಣೆಯ ಸೂತ್ರ’ ಎಂದು ಚೌಕದೊಳಗೆ ಅಚ್ಚು ಹಾಕಿರುವುದು ಇದನ್ನೇ.

ಈ ಸೂತ್ರದಿಂದ ಆಗುವ ಉಪಕಾರವನ್ನು ಒಂದು ಲೆಕ್ಕದಲ್ಲಿ ನೋಡಬಹುದು. ಕಾಫಿ ಮಾರಿ ಬಂದ ದುಡ್ಡನ್ನು ವರ್ಷಕ್ಕೆ ಶೇಕಡಾ 7ರ ಚಕ್ರಬಡ್ಡಿಗೆ ಇಟ್ಟರೆ ಅದು ಎರಡರಷ್ಟಾಗಲು ಎಷ್ಟು ವರ್ಷ ಬೇಕು? ಗೊತ್ತಿಲ್ಲದ ಸಂಖ್ಯೆಗೆ ‘ಕ್ಷ’ ಎಂದು ಬರೆಯುತ್ತೇನೆ, ಕ್ಷ-ಕಿರಣದಲ್ಲಿ ಇರುವ ಕ್ಷ.

1.07^ಕ್ಷ = 2

ಕ್ಷ ಮೇಲೆ ಹೋಗಿ ಕೂತಿದೆ. ಅದನ್ನು ಕೆಳಗಿಳಿಸುವ ಕೆಲಸ ಲಾಗ್‌ನದು. ಪ್ರಶ್ನೆಯನ್ನೇ ನೇರವಾಗಿ ಬರೆದರೆ ಕ್ಷ ಎಂಬುದು 1.07ನ್ನು ಆಧಾರ ಮಾಡಿಕೊಂಡ ಲಾಗ್ 2. ಆದರೆ 1.07 ಆಧಾರದ ಲಾಗ್ ಟೇಬಲ್ ಯಾರ ಹತ್ತಿರವೂ ಇಲ್ಲ. ಹಾಗಾಗಿ ಇರುವ ಆಧಾರಕ್ಕೆ ಬದಲಿಸಿಕೊಳ್ಳಬೇಕು. ಹತ್ತರ ಆಧಾರದಲ್ಲಿ ಮಾಡಿದರೆ 2ರ ಲಾಗ್ 0.30103 ಭಾಗಿಸು 1.07ರ ಲಾಗ್ 0.029384, ಅಂದರೆ 10.24. ಕ್ಯಾಲ್ಕುಲೇಟರಿನ ಎಲ್‌ಎನ್ ಗುಂಡಿ ಒತ್ತಿ ಸಹಜ ಲಾಗ್‌ನಲ್ಲಿ, ಅಂದರೆ ‘ಇ’ ಆಧಾರದ ಲಾಗ್‌ನಲ್ಲಿ, ಮಾಡಿದರೆ 0.69315 ಭಾಗಿಸು 0.06766, ಅದೂ 10.24. ಮೇಲೂ ಕೆಳಗೂ ಬೇರೆ ಅಂಕಿಗಳು, ಉತ್ತರ ಒಂದೇ. ಮೇಲೆ ಕೆಳಗೆ ಎರಡೂ ಕಡೆ ಒಂದೇ ಆಧಾರ ಇದ್ದರೆ ಯಾವ ಆಧಾರವಾದರೂ ನಡೆಯುತ್ತದೆ. ಮೇಲೆ ಒಂದು ಆಧಾರ, ಕೆಳಗೆ ಇನ್ನೊಂದು ಆಧಾರ ಹಾಕಿದರೆ ಮಾತ್ರ ಲೆಕ್ಕ ಕೆಡುತ್ತದೆ.

ಹಾಗಿದ್ದರೆ ಹತ್ತು ಯಾಕೆ, ಆ ‘ಇ’ ಎಂಬ ವಿಚಿತ್ರ ಸಂಖ್ಯೆ ಯಾಕೆ?

ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಲಾಗರಿದಮ್‌ಗಳ ಮೊದಲ ಕೋಷ್ಟಕವನ್ನು ಪ್ರಕಟಿಸಿದಾಗ ಅದು ಹತ್ತರ ಆಧಾರದ್ದಾಗಿರಲಿಲ್ಲ. ಇವತ್ತಿನ ಅರ್ಥದಲ್ಲಿ ‘ಆಧಾರ’ ಎಂಬ ಕಲ್ಪನೆಯೇ ಅವನಿಗಿರಲಿಲ್ಲ. ಲಂಡನ್ನಿನ ಹೆನ್ರಿ ಬ್ರಿಗ್ಸ್ ಅದನ್ನು ಓದಿ 1615ರಲ್ಲಿ ಎಡಿನ್‌ಬರೋವರೆಗೆ ಹೋಗಿ ನೇಪಿಯರನನ್ನು ಕಂಡ. ಒಂದರ ಲಾಗ್ ಸೊನ್ನೆಯಾಗಲಿ, ಹತ್ತಕ್ಕೆ ಸರಳವಾದ ಬೆಲೆ ಇರಲಿ ಎಂಬ ಯೋಚನೆ ಅವರಿಬ್ಬರ ಮಾತುಕತೆಯಿಂದ ಗಟ್ಟಿಯಾಯಿತು. 1624ರಲ್ಲಿ ಬ್ರಿಗ್ಸ್ ಹದಿನಾಲ್ಕು ದಶಮಾಂಶ ಸ್ಥಾನಗಳವರೆಗೆ ಕೈಯಲ್ಲೇ ಲೆಕ್ಕ ಹಾಕಿದ ಕೋಷ್ಟಕ ಹೊರತಂದ: 1ರಿಂದ 20,000ದವರೆಗೆ, ಆಮೇಲೆ 90,000ದಿಂದ 1,00,000ದವರೆಗೆ. ನಡುವೆ ಬಿಟ್ಟುಹೋದದ್ದನ್ನು ಆಡ್ರಿಯಾನ್ ವ್ಲಾಕ್ 1628ರಲ್ಲಿ ತುಂಬಿದ. ಆ ಶ್ರಮ ನೆನೆದರೆ ಇವತ್ತಿಗೂ ನನಗೆ ಗೌರವ ಉಕ್ಕುತ್ತದೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಮಕ್ಕಳು ತಿರುವಿಹಾಕುವ ತೆಳ್ಳಗಿನ ಲಾಗ್ ಪುಸ್ತಕ ಆ ವಂಶದ್ದೇ.

ಹತ್ತನ್ನೇ ಆರಿಸಿದ್ದು ನಾವು ಸಂಖ್ಯೆ ಬರೆಯುವ ರೀತಿ ಹತ್ತರದ್ದು ಎಂಬ ಕಾರಣಕ್ಕೆ. 2ರ ಲಾಗ್ 0.3010. 20ರದು 1.3010. 2000ದ್ದು 3.3010. ದಶಮಾಂಶದ ಬಲಗಡೆ ಏನೂ ಬದಲಾಗುವುದಿಲ್ಲ, ಎಡಗಡೆಯ ಅಂಕಿ ಮಾತ್ರ ಸೊನ್ನೆಗಳ ಲೆಕ್ಕ ಇಟ್ಟುಕೊಳ್ಳುತ್ತದೆ. ಹಾಗಾಗಿ 1ರಿಂದ 10ರವರೆಗಿನ ಕೋಷ್ಟಕವೊಂದಿದ್ದರೆ ಪ್ರಪಂಚದ ಎಲ್ಲ ಸಂಖ್ಯೆಗಳಿಗೂ ಸಾಕು. ಆಧಾರ 2 ಅಥವಾ 7 ಆಗಿದ್ದರೆ ಈ ಅನುಕೂಲ ಇರುತ್ತಿರಲಿಲ್ಲ.

‘ಇ’ ಎಂಬುದರ ಬೆಲೆ ಸುಮಾರು 2.71828. ಆ ಅಕ್ಷರವನ್ನು ರೂಢಿಗೆ ತಂದವನು ಲಿಯೊನಾರ್ಡ್ ಆಯ್ಲರ್. ಲಾಗ್ ಎಂದರೆ ಘಾತಾಂಕ ಎಂಬ ಇವತ್ತಿನ ವಿವರಣೆ ನೆಲೆಗೊಂಡದ್ದೂ ಅವನಿಂದ. ಈ ಆಧಾರಕ್ಕೆ ‘ಸಹಜ’ ಎಂಬ ಹೆಸರು ಯಾಕೆ ಬಂತು ಎಂಬುದಕ್ಕೆ ಕಲನಶಾಸ್ತ್ರದ ಉತ್ತರವೊಂದಿದೆ, ಆದರೆ ಮೇಲಿನ ಬಡ್ಡಿ ಲೆಕ್ಕದಲ್ಲೇ ಅದರ ಸುಳಿವು ಕಾಣುತ್ತದೆ. ಶೇಕಡಾ 7 ಅಂದರೆ 0.07. 1.07ರ ಸಹಜ ಲಾಗ್ 0.0677, ಹೆಚ್ಚುಕಡಿಮೆ ಅದೇ 0.07! 1.02ರದು 0.0198. 1.01ರದು 0.00995. ಒಂದಕ್ಕಿಂತ ಒಂಚೂರು ಹೆಚ್ಚಿರುವ ಸಂಖ್ಯೆಯ ಸಹಜ ಲಾಗ್ ಆ ಒಂಚೂರಿಗೇ ಹತ್ತಿರ ಬಂದು ನಿಲ್ಲುತ್ತದೆ. ಬೇರೆ ಯಾವ ಆಧಾರಕ್ಕೂ ಈ ಗುಣವಿಲ್ಲ. ಹತ್ತರ ಆಧಾರದಲ್ಲಿ 1.01ರ ಲಾಗ್ 0.00432. ಬ್ಯಾಂಕಿನವರು ‘72ನ್ನು ಬಡ್ಡಿದರದಿಂದ ಭಾಗಿಸಿ, ಅಷ್ಟು ವರ್ಷಕ್ಕೆ ದುಡ್ಡು ಎರಡರಷ್ಟು’ ಎನ್ನುವ ಬಾಯಿಲೆಕ್ಕ ಹುಟ್ಟಿದ್ದೂ ಇಲ್ಲಿಂದಲೇ. ನಿಜವಾಗಿ ಅದು 2ರ ಸಹಜ ಲಾಗ್ 0.693ರ ನೂರು ಪಟ್ಟು, ಅಂದರೆ 69.3, ವರ್ಷಕ್ಕೊಮ್ಮೆ ಬಡ್ಡಿ ಸೇರುವಾಗ ಬೀಳುವ ಸಣ್ಣ ಕೊರತೆಯನ್ನು ತುಂಬಿಕೊಂಡು, ಭಾಗಿಸಲು ಸುಲಭವಾಗಲಿ ಎಂದು 72 ಮಾಡಿಕೊಂಡಿದ್ದಾರೆ.

ಭೂಕಂಪದ 0.7ಕ್ಕೂ ಈಗ ಉತ್ತರ ಕೊಡಬಹುದು. ಚಾರ್ಲ್ಸ್ ರಿಕ್ಟರ್ 1935ರಲ್ಲಿ ಮಾಡಿದ ಅಳತೆಪಟ್ಟಿಯಲ್ಲಿ ತೀವ್ರತೆ ಒಂದು ಹೆಚ್ಚಾದರೆ ಅಲೆಯ ಎತ್ತರ ಹತ್ತು ಪಟ್ಟು. ಆಧಾರ 10. ಆದ್ದರಿಂದ 0.7 ಹೆಚ್ಚಾದರೆ 10^0.7, ಅದು 5.01. ಶಕ್ತಿಯಾದರೋ ಒಂದು ತೀವ್ರತೆಗೆ 10^1.5 ಪಟ್ಟು ಏರುತ್ತದೆ, ಅಂದರೆ ಸುಮಾರು 31.6. ಶಕ್ತಿಯ ಕಡೆಯಿಂದ ನೋಡುವವರಿಗೆ ಅದೇ ಪಟ್ಟಿ 31.6ನ್ನು ಆಧಾರ ಮಾಡಿಕೊಂಡ ಲಾಗ್. 31.6^0.7 ಎಂದರೆ ಸುಮಾರು 11.2. ಪಟ್ಟಿ ಒಂದೇ, ಅಂಕಿ ಒಂದೇ, ಏನನ್ನು ಅಳೆಯುತ್ತೀರಿ ಎಂಬುದರ ಮೇಲೆ ಆಧಾರ ಬದಲಾಯಿತು.

ಆಧಾರವಾಗಿ ಯಾವ ಸಂಖ್ಯೆಯನ್ನಾದರೂ ಇಡಬಹುದೇ? ಒಂದನ್ನು ಇಡಲಾಗದು: ಒಂದನ್ನು ಎಷ್ಟು ಸಲ ಗುಣಿಸಿದರೂ ಒಂದೇ, 32 ಎಂದಿಗೂ ಬರುವುದಿಲ್ಲ. ಸೊನ್ನೆಯ ಕಥೆಯೂ ಹಾಗೇ. ಋಣ ಸಂಖ್ಯೆ ಇಟ್ಟರೆ ಅರ್ಧ ಹೆಜ್ಜೆ ಹಾಕುವಾಗ ಋಣ ಸಂಖ್ಯೆಯ ವರ್ಗಮೂಲ ಬೇಕಾಗಿ ದಾರಿ ಮುಚ್ಚುತ್ತದೆ. ಆದ್ದರಿಂದ ಆಧಾರ ಧನ ಸಂಖ್ಯೆಯಾಗಿರಬೇಕು, ಒಂದಾಗಿರಬಾರದು. ಧನ ಸಂಖ್ಯೆಯನ್ನು ಯಾವ ಘಾತಕ್ಕೆ ಏರಿಸಿದರೂ ಬರುವುದು ಧನ ಸಂಖ್ಯೆಯೇ; ಹಾಗಾಗಿ ಲಾಗ್‌ನ ಒಳಗೆ ಇರುವುದೂ ಧನವಾಗಿರಲೇಬೇಕು. ಲಾಗ್‌ನ ಉತ್ತರಕ್ಕೆ ಮಾತ್ರ ಯಾವ ಕಟ್ಟೂ ಇಲ್ಲ. ಲಾಗ್₂ 1 = 0. ಲಾಗ್₂ (1/8) = −3. ಒಳಗಿರುವುದಕ್ಕೂ ಹೊರಬರುವುದಕ್ಕೂ ಇರುವ ಈ ವ್ಯತ್ಯಾಸ ಮನಸ್ಸಿನಲ್ಲಿ ನಿಂತರೆ ಸಮೀಕರಣ ಬಿಡಿಸುವಾಗ ಆಗುವ ಬಹುಪಾಲು ತಪ್ಪುಗಳು ತಾವಾಗಿ ತಪ್ಪುತ್ತವೆ.

ಇನ್ನು ಸಮೀಕರಣಗಳು. ತೀರಾ ಸುಲಭದ್ದು:

ಲಾಗ್₂(ಕ್ಷ − 3) = 4

ಲಾಗ್ ಕೇಳಿದ ಪ್ರಶ್ನೆಗೆ ಉತ್ತರ 4 ಎಂದಿದ್ದಾರೆ. ಅಂದರೆ 2⁴ = ಕ್ಷ − 3. ಕ್ಷ = 19. ಲಾಗ್ ರೂಪವನ್ನು ಘಾತ ರೂಪಕ್ಕೆ ತಿರುಗಿಸುವುದೇ ಇಲ್ಲಿನ ಇಡೀ ಕೆಲಸ. ಎಷ್ಟೇ ಜಟಿಲವಾದ ಸಮೀಕರಣವಾದರೂ ಕೊನೆಗೆ ಈ ಆಕಾರಕ್ಕೆ ತಂದು ನಿಲ್ಲಿಸಬೇಕು. ಉಳಿದ ಸೂತ್ರಗಳೆಲ್ಲ ಇಲ್ಲಿಗೆ ತಲುಪುವ ದಾರಿಗಳು.

ಮುಂದಿನದು ಮಕ್ಕಳು ಎಡವುವ ಜಾಗ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ.

ಲಾಗ್₂(ಕ್ಷ − 5) + ಲಾಗ್₂(ಕ್ಷ − 3) = 3

ಎರಡು ಲಾಗ್‌ಗಳ ಮೊತ್ತ ಎಂದರೆ ಒಳಗಿನವುಗಳ ಗುಣಲಬ್ಧದ ಲಾಗ್, ವೀರಸೇನನ ಅರ್ಧಚ್ಛೇದದ ನಿಯಮ. ಆಧಾರ ಎರಡೂ ಕಡೆ 2 ಇರುವುದರಿಂದ ಧೈರ್ಯವಾಗಿ ಸೇರಿಸಬಹುದು.

(ಕ್ಷ − 5)(ಕ್ಷ − 3) = 2³ = 8
ಕ್ಷ² − 8ಕ್ಷ + 15 = 8
ಕ್ಷ² − 8ಕ್ಷ + 7 = 0
(ಕ್ಷ − 7)(ಕ್ಷ − 1) = 0

ಕ್ಷ = 7 ಅಥವಾ ಕ್ಷ = 1. ಎರಡೂ ಧನ ಸಂಖ್ಯೆಗಳು. ‘ಋಣ ಬಂದರೆ ಬಿಡು, ಧನ ಬಂದರೆ ಇಟ್ಟುಕೋ’ ಎಂದು ಬಾಯಿಪಾಠ ಮಾಡಿದವರು ಎರಡನ್ನೂ ಉತ್ತರವೆಂದು ಬರೆದು ಗೆರೆ ಎಳೆಯುತ್ತಾರೆ. ಆದರೆ ಮೂಲ ಸಮೀಕರಣಕ್ಕೆ ಹಾಕಿ ನೋಡಿ. ಕ್ಷ = 7 ಆದರೆ ಲಾಗ್₂ 2 + ಲಾಗ್₂ 4 = 1 + 2 = 3, ಸರಿ. ಕ್ಷ = 1 ಆದರೆ ಒಳಗೆ −4, −2. ಎರಡು ಎಂಬುದನ್ನು ಎಷ್ಟು ಸಲ ಗುಣಿಸಿದರೆ −4 ಬರುತ್ತದೆ? ಆ ಪ್ರಶ್ನೆಗೆ ಅರ್ಥವೇ ಇಲ್ಲ. ಹಾಗಾಗಿ 1 ಉತ್ತರವಲ್ಲ.

ಅದು ಒಳಗೆ ನುಸುಳಿದ್ದು ಎಲ್ಲಿಂದ? ಎರಡು ಲಾಗ್‌ಗಳನ್ನು ಒಂದಾಗಿಸಿದ ಕ್ಷಣದಲ್ಲಿ. ಬೇರೆ ಬೇರೆ ಇದ್ದಾಗ ‘ನಾನು ಧನ, ನೀನೂ ಧನ’ ಎಂಬ ಎರಡು ಕರಾರುಗಳಿದ್ದವು. ಗುಣಿಸಿದ ಮೇಲೆ ಉಳಿದದ್ದು ‘ಗುಣಲಬ್ಧ ಧನ’ ಎಂಬ ಒಂದೇ ಕರಾರು. −4ನ್ನು −2ರಿಂದ ಗುಣಿಸಿದರೂ 8 ಬರುತ್ತದೆಯಲ್ಲ! ಹಾಗಾಗಿ ಕಳ್ಳ ಉತ್ತರಕ್ಕೆ ಬಾಗಿಲು ತೆರೆಯಿತು. ಲೆಕ್ಕ ಶುರುಮಾಡುವ ಮೊದಲೇ ಪಕ್ಕದಲ್ಲಿ ‘ಕ್ಷ > 5’ ಎಂದು ಬರೆದಿಟ್ಟುಕೊಂಡರೆ ಕೊನೆಗೆ ಪರದಾಟವಿರುವುದಿಲ್ಲ. ನಾನಂತೂ ಆ ಒಂದು ಸಾಲಿಗೆ ಇಡೀ ಲೆಕ್ಕದಷ್ಟೇ ಬೆಲೆ ಕೊಡುತ್ತೇನೆ.

ಇದರ ತದ್ವಿರುದ್ಧ ಪ್ರಸಂಗವೂ ಇದೆ:

ಲಾಗ್₃(5 − 2ಕ್ಷ) = 2

5 − 2ಕ್ಷ = 9, ಕ್ಷ = −2. ಋಣ ಎಂದು ಗಾಬರಿಯಿಂದ ಹೊಡೆದುಹಾಕಬಾರದು. ಒಳಗೆ ಹಾಕಿದರೆ 5 + 4 = 9, ಲಾಗ್₃ 9 = 2. ಇದೇ ಸರಿಯಾದ ಉತ್ತರ. ಧನವಾಗಿರಬೇಕಾದ್ದು ಲಾಗ್‌ನ ಒಳಗಿನ ಇಡೀ ಪದ, ಕ್ಷ ಅಲ್ಲ.

ಬೇರೆ ಬೇರೆ ಆಧಾರಗಳು ಒಂದೇ ಸಮೀಕರಣದಲ್ಲಿ ಬಂದರೆ ಎಲ್ಲವನ್ನೂ ಒಂದೇ ಅಳತೆಗೆ ತರುವುದು ಮೊದಲ ಕೆಲಸ. ಲಾಗ್₄ ಕ್ಷ + ಲಾಗ್₈ ಕ್ಷ = 5 ಎಂದಿರಲಿ. ಇಲ್ಲಿ 2 ಎಲ್ಲೂ ಕಾಣುವುದಿಲ್ಲ, ಆದರೆ 4 ಮತ್ತು 8 ಎರಡೂ ಎರಡರ ಮಕ್ಕಳೇ. ಲಾಗ್₄ ಎಂದರೆ ಲಾಗ್₂ನ ಅರ್ಧ, ಲಾಗ್₈ ಎಂದರೆ ಅದರ ಮೂರನೇ ಒಂದು. ಅರ್ಧ ಮತ್ತು ಮೂರನೇ ಒಂದು ಸೇರಿದರೆ ಆರನೇ ಐದು. ಅದು 5ಕ್ಕೆ ಸಮ ಎಂದರೆ ಲಾಗ್₂ ಕ್ಷ = 6, ಕ್ಷ = 64. ತಾಳೆ ನೋಡಿದರೆ 3 + 2 = 5. ಪೆನ್ನು ಎತ್ತದೆ ಬಾಯಲ್ಲೇ ಮಾಡಬಹುದಾದ ಲೆಕ್ಕ ಇದು, ಆಧಾರಗಳ ನಂಟು ಕಂಡರೆ.

ಗೊತ್ತಿಲ್ಲದ್ದು ಆಧಾರವೇ ಆಗಿದ್ದರೆ? ಕ್ಷ ಆಧಾರದ ಲಾಗ್ 16 = 2 ಎಂದರೆ ಕ್ಷ² = 16. ವರ್ಗ ಸಮೀಕರಣ 4 ಮತ್ತು −4 ಎರಡನ್ನೂ ಕೊಡುತ್ತದೆ, ಆಧಾರಕ್ಕೆ ಇರುವ ಕರಾರು −4ನ್ನು ಹೊರಗಿಡುತ್ತದೆ.

ಕೆಲವರು ಸೂತ್ರ ಬಳಸುವ ಭರದಲ್ಲಿ ಸರಿಯಾದ ಉತ್ತರವನ್ನೇ ಕಳೆದುಕೊಳ್ಳುತ್ತಾರೆ. ಲಾಗ್₁₀(ಕ್ಷ²) = 4 ಎಂಬುದನ್ನು ಕಂಡೊಡನೆ ಕೈ ತಾನಾಗಿ 2 ಲಾಗ್₁₀ ಕ್ಷ = 4 ಎಂದು ಬರೆದುಬಿಡುತ್ತದೆ. ಅಲ್ಲಿಂದ ಕ್ಷ = 100. ಆದರೆ −100ರ ವರ್ಗವೂ 10,000 ತಾನೇ? ಅದರ ಲಾಗ್ 4 ತಾನೇ? ಮೂಲ ಪ್ರಶ್ನೆಯ ಒಳಗಿದ್ದದ್ದು ಕ್ಷ², ಅದು ಕ್ಷ ಋಣವಾದರೂ ಧನವೇ. ಎರಡನ್ನು ಮುಂದಕ್ಕೆ ತಂದ ಕೂಡಲೇ ಒಳಗೆ ಬರೀ ಕ್ಷ ಉಳಿದು ‘ಕ್ಷ ಧನವಾಗಿರಬೇಕು’ ಎಂಬ ಹೊಸ ಕರಾರನ್ನು ನಾವೇ ಸೇರಿಸಿದೆವು. ಹಿಂದಿನ ಲೆಕ್ಕದಲ್ಲಿ ಕರಾರು ಕಳೆದು ಕಳ್ಳ ಉತ್ತರ ಬಂತು, ಇಲ್ಲಿ ಕರಾರು ಹೆಚ್ಚಾಗಿ ನಿಜವಾದ ಉತ್ತರ ಹೋಯಿತು. ಕ್ಷ² = 10,000 ಎಂದು ನೇರವಾಗಿ ಘಾತ ರೂಪಕ್ಕೆ ಹೋದವರಿಗೆ ಎರಡೂ ಸಿಗುತ್ತವೆ.

ಮತ್ತೊಂದು ತಪ್ಪನ್ನು ಹೆಸರಿಸಿ ಮುಂದೆ ಹೋಗುತ್ತೇನೆ: ಒಳಗಿನ ಮೊತ್ತವನ್ನು ಒಡೆಯುವುದು. ಲಾಗ್₂(4 + 4) = ಲಾಗ್₂ 8 = 3. ಒಡೆದು ಬರೆದರೆ 2 + 2 = 4. ಸರಿಹೋಗುವುದಿಲ್ಲ. ಲಾಗ್ ಗುಣಾಕಾರವನ್ನು ಸಂಕಲನ ಮಾಡುತ್ತದೆ. ಸಂಕಲನವನ್ನು ಏನೂ ಮಾಡಲಾರದು.

ಇದೆಲ್ಲ ಪರೀಕ್ಷೆಗೆ ಮಾತ್ರ ಎಂದುಕೊಳ್ಳುವವರು ತೋಟದ ಮಣ್ಣು ಪರೀಕ್ಷೆಯ ಚೀಟಿಯನ್ನು ಕೈಗೆತ್ತಿಕೊಳ್ಳಲಿ. ಕೊಡಗಿನ ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದುಕೊಂಡು ಹೋಗುವುದರಿಂದ ನಮ್ಮ ಮಣ್ಣು ಹುಳಿ. ಚೀಟಿಯಲ್ಲಿ ಪಿಎಚ್ 4.8 ಎಂದಿದ್ದರೆ, ಕಾಫಿಗೆ ಒಗ್ಗುವುದು 6ರ ಆಸುಪಾಸು, ‘ಒಂದೂಕಾಲು ಕಡಿಮೆ ಇದೆ ಅಷ್ಟೇ’ ಅನ್ನಿಸುತ್ತದೆ. ಡೆನ್ಮಾರ್ಕಿನ ಸೋರೆನ್‌ಸನ್ 1909ರಲ್ಲಿ ಮುಂದಿಟ್ಟ ಈ ಅಳತೆ ಹತ್ತರ ಆಧಾರದ ಲಾಗ್, ಅದಕ್ಕೆ ಋಣ ಚಿಹ್ನೆ ಬೇರೆ: ಹೈಡ್ರೋಜನ್ ಅಯಾನಿನ ಸಾಂದ್ರತೆ ‘ಹ’ ಎಂದಾದರೆ ಪಿಎಚ್ = −ಲಾಗ್₁₀ ಹ. ಈಗ −ಲಾಗ್₁₀ ಹ = 4.8 ಎಂಬ ಸಮೀಕರಣ ಬಿಡಿಸಿದರೆ ಹ = 10^−4.8. ಪಿಎಚ್ 6 ಇದ್ದಲ್ಲಿ 10^−6. ಎರಡನ್ನೂ ಭಾಗಿಸಿದರೆ 10^1.2, ಸುಮಾರು 16. ಹದಿನಾರು ಪಟ್ಟು!

ಸರಾಸರಿಯಲ್ಲೂ ಎಚ್ಚರ ಬೇಕು. ಒಂದು ಮಾದರಿಯ ಪಿಎಚ್ 4, ಇನ್ನೊಂದರದು 6 ಎಂದಿದ್ದರೆ ಸರಾಸರಿ 5 ಎನ್ನುವುದು ಎಲ್ಲರ ಬಾಯಿಗೂ ಬರುವ ಉತ್ತರ. ಅಯಾನುಗಳ ಸಾಂದ್ರತೆಯನ್ನೇ ಸರಾಸರಿ ಮಾಡಿ ನೋಡಿ: 0.0001 ಮತ್ತು 0.000001, ಇವುಗಳ ಸರಾಸರಿ 0.0000505. ಅದರ ಪಿಎಚ್ 4.3. ಹೆಚ್ಚು ಹುಳಿ ಇರುವುದೇ ಲೆಕ್ಕವನ್ನು ತನ್ನ ಕಡೆ ಎಳೆದುಕೊಂಡಿತು. (ಸುಣ್ಣ ಎಷ್ಟು ಹಾಕಬೇಕು ಎಂಬುದು ಪಿಎಚ್ ಒಂದರಿಂದಲೇ ತೀರ್ಮಾನವಾಗುವುದಿಲ್ಲ. ಬದಲಾವಣೆಯನ್ನು ತಡೆದುಕೊಳ್ಳುವ ಶಕ್ತಿ ಮಣ್ಣಿನಿಂದ ಮಣ್ಣಿಗೆ ಬೇರೆ, ಅದನ್ನು ಮಣ್ಣು ಪರೀಕ್ಷೆ ಮಾಡಿದವರನ್ನೇ ಕೇಳಿ.)

ಶಬ್ದದ ಡೆಸಿಬಲ್ ಕೂಡ ಇದೇ ಜಾತಿ. ಪುತ್ತರಿಯಲ್ಲಿ ಕದಿರು ತೆಗೆಯುವ ಹೊತ್ತಿಗೆ ಒಂದು ಕೋವಿಯ ಬದಲು ಅಂಥದ್ದೇ ಎರಡು ಕೋವಿಗಳು ಒಟ್ಟಿಗೆ ಸಿಡಿದರೆ ಡೆಸಿಬಲ್ ಎರಡರಷ್ಟಾಗುವುದಿಲ್ಲ, 10 × ಲಾಗ್₁₀ 2 ಅಂದರೆ 3 ಮಾತ್ರ ಹೆಚ್ಚಾಗುತ್ತದೆ. ಹತ್ತು ಕೋವಿಗಳಾದರೆ ಹತ್ತು ಹೆಚ್ಚು.

ಇಷ್ಟು ದೂರ ಬಂದವರಿಗೆ ನನಗೆ ಬಹಳ ಇಷ್ಟವಾದ ಒಂದು ಲೆಕ್ಕ ಕೊಡುತ್ತೇನೆ. ಇದರಲ್ಲಿ ಕ್ಷ ಒಂದು ಕಡೆ ಲಾಗ್‌ನ ಒಳಗಿದೆ, ಇನ್ನೊಂದು ಕಡೆ ಆಧಾರವಾಗಿ ಕೂತಿದೆ.

ಲಾಗ್₂ ಕ್ಷ = ಕ್ಷ ಆಧಾರದ ಲಾಗ್ 16

ಮೊದಲು ಕರಾರು: ಕ್ಷ ಧನವಾಗಿರಬೇಕು, ಒಂದಾಗಿರಬಾರದು. ಆಮೇಲೆ ಬಲಗಡೆಯನ್ನು 2ರ ಆಧಾರಕ್ಕೆ ತನ್ನಿ: ಲಾಗ್₂ 16 ಭಾಗಿಸು ಲಾಗ್₂ ಕ್ಷ, ಅಂದರೆ 4 ಭಾಗಿಸು ಲಾಗ್₂ ಕ್ಷ. ಬರೆಯುವ ಅನುಕೂಲಕ್ಕೆ ಲಾಗ್₂ ಕ್ಷ ಎಂಬುದನ್ನು ‘ಯ’ ಎಂದು ಕರೆಯೋಣ.

ಯ = 4/ಯ
ಯ² = 4
ಯ = 2 ಅಥವಾ ಯ = −2

ಇಲ್ಲಿ ಬಹಳ ಮಂದಿ −2ನ್ನು ಹೊಡೆದುಹಾಕುತ್ತಾರೆ, ‘ಋಣ ಬರಬಾರದು’ ಎಂಬ ಹಳೆಯ ಅಭ್ಯಾಸದಿಂದ. ಆದರೆ ಯ ಎಂಬುದು ಲಾಗ್‌ನ ಒಳಗಿರುವುದಲ್ಲ, ಲಾಗ್‌ನಿಂದ ಹೊರಬಂದದ್ದು. ಅದಕ್ಕೆ ಋಣವಾಗುವ ಹಕ್ಕಿದೆ. ಯ = 2 ಆದರೆ ಕ್ಷ = 4. ಯ = −2 ಆದರೆ ಕ್ಷ = 1/4, ಅದೂ ಧನ, ಒಂದಲ್ಲ, ಎರಡೂ ಕರಾರು ಪಾಲಿಸುತ್ತದೆ.

ತಾಳೆ ನೋಡಿ. ಕ್ಷ = 4: ಎಡಗಡೆ ಲಾಗ್₂ 4 = 2, ಬಲಗಡೆ ಲಾಗ್₄ 16 = 2. ಕ್ಷ = 1/4: ಎಡಗಡೆ ಲಾಗ್₂ (1/4) = −2. ಬಲಗಡೆ ಕಾಲನ್ನು ಯಾವ ಘಾತಕ್ಕೆ ಏರಿಸಿದರೆ 16 ಬರುತ್ತದೆ? ಕಾಲರ ವರ್ಗ ಹದಿನಾರನೇ ಒಂದು, ಅದನ್ನು ತಲೆಕೆಳಗು ಮಾಡಿದರೆ 16. ಅಂದರೆ −2. ಎರಡೂ ಉತ್ತರಗಳು ನಿಲ್ಲುತ್ತವೆ, ಉತ್ತರಪತ್ರಿಕೆಯಲ್ಲಿ ಎರಡನ್ನೂ ಬರೆಯಬೇಕು.